ನೂಲಿನ ಹುಸೇನಪ್ಪ

ಎಷ್ಟೋ ಕಾಲದ ಹಿಂದಿನ ಮಾತು. ಎರೆಭೂಮಿಯ ಸೀಮೆಯಲ್ಲಿ ಒಂದು ಊರು. ಆ ಊರಿಗೆ ಹರದಾರಿ ದೂರದಲ್ಲಿ ನಾಲ್ಕು ದಾರಿ ಕೂಡುವ ಒಂದು ಕ್ರಾಸು. ಆ ಕ್ರಾಸಿನಲ್ಲಿ ಹುಸೇನಪ್ಪ ಅನ್ನುವವನಿದ್ದ. ನೂಲಿನ ಹುಸೇನಪ್ಪ ಅಂತಲೇ ಅವನ ಹೆಸರು. ಕಾರಿನ ಉದ್ದಕ್ಕೂ ನೂಲು ಎಳೆದು ಕಟ್ಟಿ, ಗಾಲಿ ಎತ್ತ ತಿರುಗಿದೆ, ಎಷ್ಟು ವಾಲಿದೆ ಅಂತ ನೋಡಿ ಸರಿಮಾಡುತ್ತಿದ್ದ. ಅವನು ಅಲೈನ್‌ಮೆಂಟ್ ಮಾಡಿದ ಕಾರು ಸ್ಟೇರಿಂಗ್ ಬಿಟ್ಟರೂ ಹುಬ್ಬಳ್ಳಿ ಮುಟ್ಟುತ್ತಿತ್ತು ಅಂತಾರೆ. ಹೈದರಾಬಾದು ಮುಟ್ಟುತ್ತಿತ್ತು ಅನ್ನುವವರೂ ಇದ್ದಾರೆ.

ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ತಗಡಿನ ಶೆಡ್ಡೇ ಮನೆ. ಬಂದವರು ಗಾಡಿಯ ಮಾತಷ್ಟೇ ಆಡುತ್ತಿದ್ದರು, ಗಾಡಿ ನೆಟ್ಟಗಾದ ಮೇಲೆ ಹೊರಟುಹೋಗುತ್ತಿದ್ದರು. ಎದ್ದ ಧೂಳು ಕೂತ ಮೇಲೂ ಅವನು ರಸ್ತೆ ನೋಡುತ್ತ ನಿಂತಿರುತ್ತಿದ್ದ ಅಂತಾರೆ. ಊರೂರಿನ ಕಾರು ನೆಟ್ಟಗೆ ಮಾಡಿದವನು ಅವುಗಳಲ್ಲಿ ಕೂತು ಯಾವ ಊರಿಗೂ ಹೋದವನಲ್ಲ.

ಒಂದು ದಿನ ಹತ್ತಿ ವ್ಯಾಪಾರದ ವಿರುಪಣ್ಣ ಬಂದ. ಅವನ ಕಾರು ನೆಲಕ್ಕೆ ಹೊಟ್ಟೆ ತಾಗುವಷ್ಟು ಕೆಳಗಿತ್ತು. ಎಡಗಡೆಯ ಸೀಟಿನಲ್ಲಿ ಅವನ ಹೆಂಡತಿ ಹಂಪವ್ವ ಕೂತಿದ್ದಳು. ಅವಳು ಮಾಳಿಗೆಯಿಂದ ಬಿದ್ದು ಕಾಲಿನ ಬಲ ಕಳಕೊಂಡಿದ್ದಳು. ತನ್ನನ್ನು ಯಾರಾದರೂ ಎತ್ತಿ ಕೂರಿಸುವುದು ಅವಳಿಗೆ ಬೇಡವಾಗಿತ್ತು. ಹೊರಸಿನ ಮಂಚದಿಂದ ತಾನೇ ಸೀಟಿಗೆ ಜರುಗಲಿ ಅಂತ ವಿರುಪಣ್ಣ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದ್ದ. ತಗ್ಗಿಸಿದ್ದೇ ತಡ, ಗಾಲಿಗಳು ಮೇಲ್ತುದಿಯಲ್ಲಿ ಒಳಕ್ಕೆ ವಾಲಿದವು, ಟೈರಿನ ಒಳ ಅಂಚು ಸವೆದು ತಂತಿ ಕಂಡಿತು, ಕಾರು ನೆಟ್ಟಗೆ ಓಡದಾಯಿತು. ಮೊದಲಿನ ಎತ್ತರಕ್ಕೇ ಏರಿಸು ಅಂತ ಎಲ್ಲ ಮೇಸ್ತ್ರಿಗಳೂ ಹೇಳಿದ್ದರಂತೆ.

ಹುಸೇನಪ್ಪ ಏರಿಸು ಅನ್ನಲಿಲ್ಲ. "ಇದರಾಗ ಯಾರ್ಯಾರು ಕೂಡ್ತೀರಿ?" ಅಂತ ಕೇಳಿದ.

"ನಾನು, ಈಕಿ. ಮತ್ಯಾರಿಲ್ಲ," ಅಂದ ವಿರುಪಣ್ಣ.

"ಹಂಗಾದ್ರ ಅಕ್ಕಾರು ಕುಂತಲ್ಲೇ ಕುಂದರ್ಲಿ. ನೀವೂ ಕೂಡ್ರಿ. ಇಬ್ಬರ ತೂಕಕ್ಕ ಗಾಲಿ ಹೊಂದಸ್ತೀನಿ."

ಗಾಲಿಯ ಹಿಂದೆ ತಗಡಿನ ತುಂಡು ಸೇರಿಸಿದ, ತೆಗೆದ, ಮತ್ತೆ ನೂಲು ಹಿಡಿದ. ಹೊತ್ತು ಇಳಿಯುವ ತನಕ ದುಡಿದ. ವಿರುಪಣ್ಣ ಕೂತಲ್ಲೇ ತೂಕಡಿಸಿದ. ಹಂಪವ್ವ ಮಾತ್ರ ಮಾತಾಡುತ್ತಲೇ ಇದ್ದಳು. "ಅಣ್ಣಾ, ಊಟ ಆತೇನು?" ಅಂದಳು. ಆಗಿರಲಿಲ್ಲ, ಆಯಿತು ಅಂದ. ಆದರೂ ಅವಳು ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ತಾಯಿ ಯಾವ ಊರಿನವಳು, ಮಳೆ ಬಂದರೆ ತಗಡು ಸೋರುತ್ತದೋ ಅಂತೆಲ್ಲ ಕೇಳಿದಳು. ಅದುವರೆಗೆ ಅವನನ್ನು ಯಾರೂ ಅದನ್ನೆಲ್ಲ ಕೇಳಿರಲಿಲ್ಲ ಅಂತಾರೆ.

ಕಾರು ನೆಟ್ಟಗಾಯಿತು. ಆ ಗಂಡ ಹೆಂಡಿರು ಕೆಲಸವಿರಲಿ ಇಲ್ಲದಿರಲಿ, ಸುತ್ತಾದರೂ ಆ ದಾರಿಯಲ್ಲೇ ಬರುತ್ತಿದ್ದರು. ದೂರದ ಸದ್ದಿಗೇ ಹುಸೇನಪ್ಪ ಚಹಾಕ್ಕೆ ನೀರಿಡುತ್ತಿದ್ದ.

ಆಮೇಲೆ ಕಾರು ಬರಲಿಲ್ಲ. ಹತ್ತಿ ಬಿಡಿಸಿದರು, ಬರಲಿಲ್ಲ. ಜೋಳ ಕೊಯ್ದರು, ಬರಲಿಲ್ಲ. ಕೊನೆಗೆ ಬಂದಾಗ ವಿರುಪಣ್ಣ ಒಬ್ಬನೇ ಇದ್ದ.

"ಹೋದ್ಲಪ್ಪ ಆಕಿ," ಅಂದ. ಗಾಲಿಯ ಕಡೆ ಕೈ ತೋರಿಸಿ, "ಕಾರು ಎಡಕ್ಕ ಎಳೀತದ. ಎಷ್ಟು ಹಿಡದ್ರೂ ಆಕಿ ಸೀಟಿನ ಕಡೀಗೇ ಹೋಗ್ತದ," ಅಂದ.

ಒಬ್ಬನ ತೂಕಕ್ಕೆ ಗಾಲಿ ಹೊಂದಿಸುವುದು ಹುಸೇನಪ್ಪನಿಗೆ ಸಲೀಸು. ನಟ್ಟು ಬಿಚ್ಚುವ ಪಾನಾ ತಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈ ಏಳಲಿಲ್ಲ ಅಂತಾರೆ. ಇಬ್ಬರ ತೂಕಕ್ಕೆ ಹೊಂದಿಸಿದ್ದನ್ನು ಬಿಚ್ಚಿದರೆ ಹಂಪವ್ವ ಅಲ್ಲಿ ಕೂತಿದ್ದೇ ಸುಳ್ಳಾಗುತ್ತದೆ ಅನಿಸಿತು ಅವನಿಗೆ. ಪಾನಾ ಕೆಳಗಿಟ್ಟ. ಕೈಯ ಎಣ್ಣೆ ತಿಕ್ಕಿ ತಿಕ್ಕಿ ತೊಳೆದುಕೊಂಡ. ಬಾಗಿಲು ತೆಗೆದು ಎಡಗಡೆ ಕೂತ.

"ಈಗ ಹೊಡೀರಿ," ಅಂದ.

ಕಾರು ನೆಟ್ಟಗೆ ಓಡಿತು. ಊರು ಕಳೆಯಿತು, ಹಳ್ಳ ದಾಟಿತು. ವಿರುಪಣ್ಣ ತಿರುಗಿಸಲಿಲ್ಲ, ಹುಸೇನಪ್ಪ ತಿರುಗಿಸು ಅನ್ನಲಿಲ್ಲ. ಹಳ್ಳ ದಾಟಿದ ಮೇಲೆ ವಿರುಪಣ್ಣ ಬಾಯಿಬಿಟ್ಟು ಅತ್ತ ಅಂತಾರೆ. ಯಾರು ಕಂಡಿದ್ದರೋ, ಅಂತೂ ಹಾಗಂತಾರೆ.

ಅವರಿಬ್ಬರನ್ನು ಬಾದಾಮಿಯಲ್ಲಿ ಕಂಡೆ ಅಂದರು ಒಬ್ಬರು. ಸಮುದ್ರದ ದಂಡೆಯಲ್ಲಿ ಕಂಡೆ ಅಂದರು ಇನ್ನೊಬ್ಬರು. ಕ್ರಾಸಿಗಂತೂ ತಿರುಗಿ ಬರಲಿಲ್ಲ.

ಶೆಡ್ಡು ಬಿದ್ದು ಎಷ್ಟೋ ಮಳೆಗಾಲ ಕಳೆದವು. ಈಗಲೂ ಆ ಕ್ರಾಸಿನಲ್ಲಿ, ಕಾರಿನಲ್ಲಿ ಒಬ್ಬರೇ ಹೋಗುವವರು, ಯಾರೂ ಕೈ ಮಾಡದಿದ್ದರೂ ನಿಲ್ಲಿಸಿ, ಎಡಗಡೆಯ ಬಾಗಿಲು ತೆಗೆದು, ನಿಂತವರನ್ನು "ಬರ್ರಿ" ಅಂತ ಕರೆಯುತ್ತಾರೆ. ಯಾರೂ ಇಲ್ಲದಿದ್ದರೂ ತುಸು ಹೊತ್ತು ಕಾಯುತ್ತಾರೆ, ಆಮೇಲೆ ಹೊರಡುತ್ತಾರೆ.