ಕಾಫಿಗೆ ಕಾದ ಮುಖ

ಎಡಿಟರ್ ತಮ್ಮಯ್ಯನ ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ, ಫಿಲ್ಮಿನ ಎರಡು ತುಣುಕುಗಳಿದ್ದವು. ಒಂದರಲ್ಲಿ ಹೆಂಗಸಿನ ಮುಖ, ಇನ್ನೊಂದರಲ್ಲಿ ಖಾಲಿ ದಾರಿ.

"ಯಾರಿಗಾಗಿ ಕಾಯುತ್ತಿದ್ದೀಯ?" ಎಂದು ದಾರಿ ಕೇಳಿತು.

"ಯಾರಿಗಾಗಿಯೂ ಅಲ್ಲ. ಕಟ್ ಅಂದಮೇಲೂ ಕ್ಯಾಮೆರಾ ಓಡುತ್ತಿತ್ತು. ಕಾಫಿ ಬಂತೇ ಎಂದು ನೋಡುತ್ತಿದ್ದೆ," ಎಂದಿತು ಮುಖ.

ತಮ್ಮಯ್ಯ ಎರಡನ್ನೂ ಅಂಟಿಸಿದ. ಟಾಕೀಸಿನಲ್ಲಿ ಜನ, "ಪಾಪ, ಗಂಡ ಬರಲೇ ಇಲ್ಲವಲ್ಲ!" ಎಂದು ಕಣ್ಣೊರೆಸಿಕೊಂಡರು.

ಆಮೇಲೆ ಚಿತ್ರ ಉದ್ದವಾಯಿತೆಂದು ತಮ್ಮಯ್ಯ ದಾರಿಯನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ಅದೇ ಮುಖ ನೋಡಿ ಈಗ ಜನ ಆಕಳಿಸಿದರು.

"ಕಾಫಿ ಬಂತೇ?" ಎಂದು ಕತ್ತರಿ ನಕ್ಕಿತು.

ಮುಖ ಹೇಳಿತು: "ಜನ ಅತ್ತಾಗ ನಾನು ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಈಗ ಆ ದಾರಿಗಾಗಿ ನಿಜವಾಗಿಯೂ ಕಾಯುತ್ತಿದ್ದೇನೆ, ಆದರೆ ಅಳುವವರೇ ಇಲ್ಲ."