ರಿಸೀವರ್ ಮೇಲಿನ ಗಿಳಿಗಳು

“ಬುದ್ಧಿ, ಮಂದಿರದಲ್ಲಿರೋ ಹಳೆಯ ರಿಸೀವರನ್ನೇ ಇಟ್ಟುಕೊಳ್ಳೋದೋ, ಹೊಸದನ್ನು ತರೋದೋ?” ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಅದೊಂದು ಸಣ್ಣ ಮಠ. ಅಲ್ಲಿನ ಪ್ರಾರ್ಥನಾ ಮಂದಿರಕ್ಕೆ ಭಕ್ತರೊಬ್ಬರು ತಮ್ಮ ಮನೆಯ ಹೋಮ್ ಥಿಯೇಟರನ್ನು ತಂದುಕೊಟ್ಟಿದ್ದರು. ಸಂಜೆ ಅದರಲ್ಲಿ ವಚನಗಾಯನ ಹಾಕುವರು. ಹಿಂದಿನ ಸಾಲಿನ ಮುದುಕರಿಗೂ ಕೇಳಲೆಂದು ದನಿ ಏರಿಸಿದರೆ, ಸ್ಪೀಕರುಗಳಿಗೆಲ್ಲ ದನಿ ಹಂಚುವ ರಿಸೀವರ್ ಅರ್ಧದಲ್ಲೇ ಆರಿಹೋಗುವುದು. ಅದರ ಉಸ್ತುವಾರಿ ಈ ಶಿಷ್ಯನದು. ಅವನು ಅದನ್ನು ಗದ್ದುಗೆಯಷ್ಟೇ ಭಕ್ತಿಯಿಂದ ನೋಡಿಕೊಳ್ಳುತ್ತಿದ್ದ. ದಿನವೂ ಒರೆಸುವನು, ಗುರುಗಳ ಶಾಲು ಹೊದಿಸುವನು, ಎದುರಿಗೆ ಊದುಬತ್ತಿ ಹಚ್ಚುವನು. ಆದರೂ ಅದು ಆರುವುದು ತಪ್ಪಲಿಲ್ಲ.

ಊರಿನ ಹಿರಿಯರು ಹಳೆಯದೇ ಇರಲಿ ಎಂದರು. ಹುಡುಗರು ಹೊಸದೇ ಬೇಕು ಎಂದರು. ಮಾತಿಗೆ ಮಾತು ಬೆಳೆದು, ಒಂದು ಪಕ್ಷದವರು ಸಂಜೆ ಮಂದಿರಕ್ಕೆ ಬರುವುದನ್ನೇ ಬಿಟ್ಟರು. ಇನ್ನೊಂದು ಪಕ್ಷದವರು ಬಂದರೂ ಮುಖ ಊದಿಸಿಕೊಂಡು ಕೂರುತ್ತಿದ್ದರು. ಇದು ಶಿಷ್ಯನ ನಿದ್ದೆ ಕೆಡಿಸಿತ್ತು.

“ನಿಮ್ಮ ಬಾಯಿಂದ ಉತ್ತರ ಬರೋವರೆಗೂ ನಾನು ಇಲ್ಲಿಂದ ಏಳೋದಿಲ್ಲ,” ಎಂದ.

ಗುರುಗಳು ಜಗಲಿಯ ಎಳೆಬಿಸಿಲಿಗೆ ಮೈಯೊಡ್ಡಿ, ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕುಳಿತಿದ್ದರು. “ಏಳಬೇಡ, ಕೂತೇ ಕೇಳು,” ಎಂದು ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ತಂದೆ ಮೃದಂಗ ಬಾರಿಸುವವನು. ಜೀವಮಾನವೆಲ್ಲ ಬೇರೆಯವರ ಹಾಡಿಗೆ ಬಾರಿಸಿ ಬದುಕಿದವನು. ವಯಸ್ಸಾಗಿ ಕೈ ನಿಂತಿತು. ಆಮೇಲೆ ಕಿವಿಯೂ ಮಂದವಾಗತೊಡಗಿತು. ವೈದ್ಯರು ನೋಡಿ, ಇದು ಹೀಗೆಯೇ ಇಳಿಯುತ್ತ ಹೋಗುತ್ತದೆ, ತಡೆಯಲಾಗದು ಎಂದರು.

ಮುದುಕ ಅಳಲಿಲ್ಲ. ಮಗನನ್ನು ಹತ್ತಿರ ಕರೆದ. “ನಾನು ಬಾರಿಸಿದ್ದನ್ನ ನಾನು ಎದುರು ಕೂತು ಕೇಳಿಲ್ಲ ಕಣಪ್ಪ. ಕಿವಿ ಮುಚ್ಚೋಕೆ ಮುಂಚೆ ಒಂದು ಸಲ ಕೇಳಿಸು,” ಎಂದ.

ಅವನ ಒಂದು ಕಚೇರಿಯ ಒಳ್ಳೆಯ ಧ್ವನಿಮುದ್ರಣ ಮನೆಯಲ್ಲಿತ್ತು. ಹಾಡುಗಾರ ಸುಮ್ಮನಾಗಿ ಮೃದಂಗವೊಂದೇ ನುಡಿಯುವ ತನಿ, ಅದರ ಕೊನೆಯ ಭಾಗದಲ್ಲಿತ್ತು. ಕೇಳಿಸಲು ಹೋಮ್ ಥಿಯೇಟರೂ ಇತ್ತು. ವ್ಯಾಪಾರಿ ಇಷ್ಟೇ ತಾನೆ ಎಂದುಕೊಂಡ. ಇಷ್ಟೇ ತಾನೆ ಎಂದುಕೊಂಡ ಕೆಲಸವೇ ಅವನನ್ನು ಚೆನ್ನಾಗಿ ಸತಾಯಿಸಿತು.

ಆ ಮನೆಯ ರಿಸೀವರ್ ಮೇಲೆ ಒಂದು ಕಸೂತಿ ಬಟ್ಟೆ ಇರುತ್ತಿತ್ತು. ದಪ್ಪನೆಯ ಬಿಳಿ ಬಟ್ಟೆ, ಅದರಲ್ಲಿ ಎದುರುಬದುರು ಕೂತ ಎರಡು ಗಿಳಿಗಳು. ತೀರಿಕೊಂಡ ತಾಯಿ, ಮದುವೆಯಾಗಿ ಬಂದ ಹೊಸದರಲ್ಲಿ ಹಾಕಿದ ಕಸೂತಿ. ಮೊದಲು ಅದು ರೇಡಿಯೋ ಮೇಲಿತ್ತು, ಆಮೇಲೆ ಟಿ.ವಿ. ಮೇಲೆ ಬಂತು, ಈಗ ರಿಸೀವರ್ ಮೇಲೆ. ಆ ಮನೆಯಲ್ಲಿ ಹಾಡುವ ಯಾವ ವಸ್ತುವಿಗಾದರೂ ಆ ಗಿಳಿಗಳು ಇರಲೇಬೇಕು. ಸೊಸೆ ಅದನ್ನು ಒಗೆದು, ಗಂಜಿ ಹಾಕಿ, ಮಡಿಕೆ ಬೀಳದ ಹಾಗೆ ಮತ್ತೆ ಹೊದಿಸುವಳು.

ಮುದುಕನಿಗೆ ಕೇಳಬೇಕಾದರೆ ದನಿ ಜೋರಾಗಿರಬೇಕು. ಜೋರು ಮಾಡಿದರೆ ರಿಸೀವರ್ ಒಂದಷ್ಟು ಹೊತ್ತು ಹಾಡಿ, ಸರಿಯಾಗಿ ತನಿ ಶುರುವಾಗುವ ಹೊತ್ತಿಗೆ ಟಪ್ಪೆಂದು ಆರುವುದು. ನೇರವಾಗಿ ತನಿಯಿಂದಲೇ ಹಾಕುತ್ತೇನೆ ಎಂದು ಮಗ ಹೇಳಿ ನೋಡಿದ. ತಂದೆ ಒಪ್ಪಲಿಲ್ಲ. ಹಾಡು ಕೇಳದೆ ತನಿ ಕೇಳುವುದು ಊಟ ಮಾಡದೆ ಎಲೆಯಡಿಕೆ ಹಾಕಿಕೊಂಡ ಹಾಗೆ ಎಂದ. ಹಟದಲ್ಲಿ ಅಪ್ಪನೇನು, ಮಗನೇನು, ಇಬ್ಬರೂ ಒಂದೇ ಅಚ್ಚು.

ವ್ಯಾಪಾರಿ ಗಿಳಿಗಳನ್ನು ಎತ್ತಿಟ್ಟು, ರಿಸೀವರನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಿ ಮೇಜಿನ ಮೇಲೆ ಅದು ದಿನವಿಡೀ ಹಾಡಿತು. ಇದರಲ್ಲಿ ಏನೂ ದೋಷವಿಲ್ಲ ಎಂದು ವಾಪಸು ಕೊಟ್ಟರು. ಮನೆಗೆ ತಂದು, ಜಾಗದಲ್ಲಿಟ್ಟು, ಗಿಳಿಗಳನ್ನು ಹೊದಿಸಿದ. ತನಿ ಬಂತು, ಅದು ಆರಿತು.

“ಹಳೇದಾಯ್ತು ಸ್ವಾಮಿ, ಅದರಲ್ಲಿ ಇನ್ನೇನಿದೆ?” ಎಂದ ಹೊಸ ಸಾಮಾನಿನ ಅಂಗಡಿಯವನು. ಅವನು ತೋರಿಸಿದ ರಿಸೀವರ್ ಹಗುರವಾಗಿತ್ತು. ಅದು ಕೋಣೆಯ ಅಳತೆಯನ್ನು ತಾನೇ ತಿಳಿದುಕೊಳ್ಳುವುದು, ಫೋನಿನ ಮಾತು ಕೇಳುವುದು. ಒಂದು ಗುಂಡಿ ಒತ್ತಿದರೆ ಗುಡಿಯೊಳಗೆ ಕೂತಂತೆ ಕೇಳುವುದು, ಇನ್ನೊಂದು ಒತ್ತಿದರೆ ಬಯಲಲ್ಲಿ ಕೂತಂತೆ. ವ್ಯಾಪಾರಿ ಅದನ್ನು ಕೊಂಡು ತಂದ. ತಂದೆ ಸ್ವಲ್ಪ ಹೊತ್ತು ಕೇಳಿ, “ನನ್ನನ್ನ ಯಾಕೋ ಬಾವಿಯೊಳಗೆ ಇಳಿಸಿದ್ದೀಯ?” ಎಂದ. ಗುಂಡಿ ಬದಲಿಸಿದ ಮೇಲೆ ಸರಿಯಾಯಿತು. ಸೊಸೆ ಬಂದು ಗಿಳಿಗಳನ್ನು ಹೊದಿಸಿದಳು. ತನಿ ಬಂತು, ಅದೂ ಆರಿತು.

ಹೊಸದರಲ್ಲಿ ಗಟ್ಟಿತನವಿಲ್ಲ ಎಂದು ವ್ಯಾಪಾರಿಗೆ ಸಿಟ್ಟು ಬಂತು. ಹಳೆಯ ಸಾಮಾನಿನ ಅಂಗಡಿಗೆ ಹೋದ. ಅಲ್ಲಿ ಇನ್ನೂ ಹಳೆಯದೊಂದು ಇತ್ತು. ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಒಳಗೆ ತೂಕವಿದ್ದರೆ ತಾನೆ ದನಿಗೂ ತೂಕ ಎಂದು ಅಂಗಡಿಯವನು ಹೇಳಿದ, ವ್ಯಾಪಾರಿ ನಂಬಿದ. ಅದನ್ನೂ ಹೊತ್ತು ತಂದ. ಅದು ತನಿಯವರೆಗೂ ಬರಲಿಲ್ಲ, ಅದಕ್ಕೆ ಮೊದಲೇ ಆರಿತು.

ಮನೆಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ, ಕಾಫಿ ಕುಡಿದು ಹೋದರು. ಅರ್ಧ ಜನ ಹಳೆಯದರ ಕಡೆ, ಅರ್ಧ ಜನ ಹೊಸದರ ಕಡೆ. ವ್ಯಾಪಾರಿ ಒಂದನ್ನು ತೆಗೆದು ಇನ್ನೊಂದನ್ನು ಇಡುವನು, ಅದನ್ನು ತೆಗೆದು ಮತ್ತೊಂದನ್ನು ಇಡುವನು. ಅಂಗಡಿಗೆ ಹೋದರೆ ಗಿರಾಕಿಗಳ ಮಾತೂ ತಲೆಗೆ ಹೋಗುತ್ತಿರಲಿಲ್ಲ. ಅಪ್ಪನಿಗೆ ಕೇಳಿಸಿಯೇ ತೀರುತ್ತೇನೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಅಷ್ಟರಲ್ಲಿ ಆ ಅಪ್ಪನ ಕಿವಿ ಇಳಿಯುತ್ತಲೇ ಇತ್ತು. ಮೊದಲು ಬಾಗಿಲಲ್ಲಿ ನಿಂತು ಕರೆದರೆ ತಿರುಗಿ ನೋಡುತ್ತಿದ್ದ. ಆಮೇಲೆ ಪಕ್ಕದಲ್ಲಿ ಕೂತು ಕೂಗಬೇಕಾಯಿತು. ವ್ಯಾಪಾರಿಗೆ ಹೆದರಿಕೆಯಾಯಿತು. ಹೆದರಿಕೆಯಾದಷ್ಟೂ ಪೆಟ್ಟಿಗೆಗಳನ್ನು ಬದಲಿಸಿದ.

ಒಂದು ದಿನ ಆ ಭಾರದ ಪೆಟ್ಟಿಗೆ ಹಾಡುತ್ತಿದ್ದಾಗ ಮುದುಕ ತನ್ನ ಕುರ್ಚಿಯನ್ನು ಅದರ ಮಗ್ಗುಲಿಗೇ ಎಳೆದುಕೊಂಡ. ಕಿವಿಗೆ ಸಿಗದ ತಾಳ ಕೈಗಾದರೂ ಸಿಗಲೆಂದು ಅಂಗೈಯನ್ನು ಗಿಳಿಗಳ ಮೇಲಿಟ್ಟ. ಸರಕ್ಕನೆ ಹಿಂದಕ್ಕೆ ತೆಗೆದ. ಮತ್ತೆ ಹಿಂಗೈ ಇಟ್ಟು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೋಡಿದ.

“ಇದಕ್ಕೆ ಜ್ವರ ಬಂದಿದೆಯಲ್ಲೋ,” ಎಂದವನೇ ಬಟ್ಟೆಯನ್ನು ಎಳೆದು ತೆಗೆದ.

“ಅಪ್ಪಾ, ಅದು ಅವ್ವನದು!” ಎಂದು ಮಗ ಕೂಗಿದ. ಎಷ್ಟು ಜೋರಾಗಿ ಕೂಗಿದನೆಂದರೆ, ಅದು ಮುದುಕನಿಗೂ ಕೇಳಿತು.

“ನನಗೆ ಗೊತ್ತಿಲ್ವೇನೋ ಯಾರದು ಅಂತ? ಧೂಳು ಬೀಳಬಾರದು ಅಂತ ಹಾಕಿದ್ಲು ಅವಳು. ಉಸಿರು ಕಟ್ಟಲಿ ಅಂತಲ್ಲ.”

ಬಟ್ಟೆಯ ಕೆಳಗೆ, ಪೆಟ್ಟಿಗೆಯ ನೆತ್ತಿಯ ತುಂಬ ಗಾಳಿ ಆಡುವ ಕಂಡಿಗಳಿದ್ದವು. ಮೊದಲಿನದಕ್ಕೂ ಇದ್ದವು, ಹೊಸದಕ್ಕೂ ಇದ್ದವು. ಕಾವು ಹೊರಗೆ ಹೋಗಲು ದಾರಿಯಿಲ್ಲದೆ, ಸುಟ್ಟುಹೋಗಬಾರದೆಂದು ಪ್ರತಿಯೊಂದು ಪೆಟ್ಟಿಗೆಯೂ ತಾನಾಗಿಯೇ ಆರಿಹೋಗುತ್ತಿತ್ತು. ವ್ಯಾಪಾರಿ ಎಲ್ಲವನ್ನೂ ಅನುಮಾನಿಸಿದ್ದ, ಗಿಳಿಗಳನ್ನು ಅನುಮಾನಿಸಿರಲಿಲ್ಲ. ತಾಯಿಯ ಕೈಕೆಲಸವನ್ನು ಯಾವ ಮಗ ಅನುಮಾನಿಸುತ್ತಾನೆ?

ಪೆಟ್ಟಿಗೆ ತಣ್ಣಗಾಗುವವರೆಗೂ ಇಬ್ಬರೂ ಕಾದರು. ಮತ್ತೆ ಮೊದಲಿನಿಂದ ಹಾಕಿದರು. ಹಾಡು ಬಂತು, ಹಾಡು ಮುಗಿಯಿತು, ತನಿ ಶುರುವಾಯಿತು. ಪೆಟ್ಟಿಗೆ ಆರಲಿಲ್ಲ.

ಆದರೆ ತಡವಾಗಿತ್ತು. ಎಡಗೈಯ ದಪ್ಪ ನಾದ ಮುದುಕನಿಗೆ ಕೇಳಿತು. ಬಲಗೈಯ ಸಣ್ಣ ನಾದ ಕೇಳಲಿಲ್ಲ. ಪೆಟ್ಟಿಗೆಗಳು ಬದಲಾಗುತ್ತಿದ್ದ ದಿನಗಳಲ್ಲೇ ಅದು ಅವನ ಪಾಲಿಗೆ ಹೋಗಿಬಿಟ್ಟಿತ್ತು. ಮುಖ ನೋಡಿಯೇ ಮಗನಿಗೆ ತಿಳಿಯಿತು. ವ್ಯಾಪಾರಿ ಬಿಕ್ಕಿ ಬಿಕ್ಕಿ ಅತ್ತ.

ಮುದುಕ ಆಗಲೂ ಅಳಲಿಲ್ಲ. ಗಿಳಿಗಳ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ. ಅದರ ಮೇಲೆ ಬಲಗೈಯ ಬೆರಳುಗಳನ್ನು ಆಡಿಸುತ್ತ, ಕೇಳದ ಅರ್ಧವನ್ನು ತಾನೇ ಬಾರಿಸಿಕೊಂಡು, ತನಿ ಮುಗಿಯುವವರೆಗೂ ಕೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹಟ ಬಿಡಲಿಲ್ಲ.

“ಕೊನೆಗೆ ಆ ವ್ಯಾಪಾರಿ ಇಟ್ಟುಕೊಂಡದ್ದು ಯಾವುದನ್ನ ಬುದ್ಧಿ? ಹಳೆಯದನ್ನೋ, ಹೊಸದನ್ನೋ?”

ಗುರುಗಳು ಕಂಕುಳಿನಿಂದ ಕೈಗಳನ್ನು ತೆಗೆದು ಅಂಗೈ ಉಜ್ಜಿಕೊಂಡರು. ಉತ್ತರ ಬರುವವರೆಗೂ ಏಳುವುದಿಲ್ಲ ಎಂದಿದ್ದ ಶಿಷ್ಯ, ಅವರ ಮಾತು ಕೇಳಿ ಎದ್ದು ನಿಂತ.

“ಅದನ್ನು ಆಮೇಲೆ ಹೇಳ್ತೀನಿ, ಚಳಿಯಾಗ್ತಿದೆ, ಮೊದಲು ಮಂದಿರಕ್ಕೆ ಹೋಗಿ ನನ್ನ ಶಾಲು ತಗೊಂಡು ಬಾ.”