ಬೆಳ್ಳಕ್ಕಿಹಾಳ ಕೊಟ್ಟ ದುಗ್ಗಿ

“ಕುರುವದಲ್ಲಿರುವ ಸಮಸ್ತರೂ ತಿಳಿಯತಕ್ಕದ್ದು. ಇಂದಿನಿಂದ ಅಕ್ಕಿಮೂಟೆಯೂ ಬೆಂಕಿಯೂ ಅರಸರ ಸ್ವತ್ತು. ಅರಸರ ಮೂರು ಒಗಟು ಒಡೆದವರಿಗೆ ಅಕ್ಕಿಯೂ ಪಟ್ಟವೂ ಸಲ್ಲುವುದು. ತಪ್ಪು ಹೇಳಿದವರನ್ನು ಹೊತ್ತು ಮುಳುಗುವಾಗ ಹೊಳೆಗೆ ತಳ್ಳಲಾಗುವುದು. ಒಗಟಿಗೆ ಬಾರದವರಿಗೆ ಗಂಜಿಯಿಲ್ಲ.”

ಹೀಗೆಂದು ತಪ್ಪಲೆ ಬಡಿದು ಡಂಗುರ ಸಾರಿದವನಿಗೆ ಒಂಬತ್ತು ವರ್ಷ. ಸಾರಿಸಿದ ಅರಸನಿಗೆ ಹನ್ನೆರಡು. ನಗಬೇಡಿ, ಆ ಹೊತ್ತು ಅಲ್ಲಿ ಯಾರೂ ನಗಲಿಲ್ಲ.

ಹೊಳೆ ಉಕ್ಕಿ ಪಟ್ಟಣಕ್ಕೆ ನುಗ್ಗಿದಾಗ ಅಂಬಿಗರು ಮೊದಲು ಮಕ್ಕಳನ್ನು ಹರಿಗೋಲಿನಲ್ಲಿ ಕೂರಿಸಿ ನಡುಹೊಳೆಯ ಎತ್ತರದ ಗಡ್ಡೆಯಾದ ಕುರುವಕ್ಕೆ ದಾಟಿಸಿದ್ದರು. ಅಲ್ಲೊಂದು ಹಳೆಯ ಕಲ್ಲುಮಂಟಪ. ಹದಿನಾರು ಮಕ್ಕಳು, ಒಂದು ಮೂಟೆ ಅಕ್ಕಿ, ಒಂದು ತಪ್ಪಲೆ, ಒಂದು ಸೌಟು, ಒಂದು ಮಡಕೆ ಕೆಂಡ. ದೊಡ್ಡವರನ್ನು ಕರೆತರಲು ಹೋದ ಹರಿಗೋಲು ನೆರೆಯ ರಭಸಕ್ಕೆ ಮತ್ತೆ ಬರಲಾಗಲಿಲ್ಲ. ಮೊದಲೆರಡು ದಿನ ಮಕ್ಕಳು ಮನೆಯಲ್ಲಿ ಕಲಿತಂತೆ ಸಾಲಾಗಿ ಕೂತು, ಚಿಕ್ಕವರಿಗೆ ಮೊದಲು ಬಡಿಸಿ, ಕೈಮುಗಿದು ಉಂಡರು. ಮೂರನೆಯ ದಿನ ಯಾರೋ ಕದ್ದು ಇನ್ನೊಂದು ಸೌಟು ಹಾಕಿಕೊಂಡರು. ನಾಲ್ಕನೆಯ ದಿನ ಕಚ್ಚಾಡಿದರು. ಮಾತಿಗೆ ಹೇಳುತ್ತಿಲ್ಲ, ಹಲ್ಲಿನಿಂದಲೇ ಕಚ್ಚಿದರು. ಏಳನೆಯ ದಿನ ದಳವಾಯಿಯ ಮಗ ಸಿಂಗರಸ ದೊಣ್ಣೆ ಹಿಡಿದು ಮಂಟಪದ ಕಟ್ಟೆಯೇರಿ ತಾನೇ ಅರಸನೆಂದ. ಮೈಯಲ್ಲಿ ಕಸುವಿದ್ದ ನಾಲ್ವರು ಅವನ ಬಂಟರಾದರು.

ಅರಮನೆಯ ಮುಸುರೆ ತಿಕ್ಕುವ ಸಣ್ಣೀರವ್ವನ ಮಗಳು ದುಗ್ಗಿ ಇದನ್ನೆಲ್ಲ ಕಂಬಕ್ಕೊರಗಿ ನೋಡುತ್ತಿದ್ದಳು. ಅವಳ ಮಡಿಲಲ್ಲಿ ಐದು ವರ್ಷದ ತಮ್ಮ ಗುಂಡ. ನಿನ್ನೆಯಿಂದ ಅವನ ಹೊಟ್ಟೆಗೆ ಹೊಳೆನೀರು ಬಿಟ್ಟು ಏನೂ ಬಿದ್ದಿರಲಿಲ್ಲ. ಈಗ ಅವನು ಅಳುವುದನ್ನೂ ನಿಲ್ಲಿಸಿದ್ದ. ಅವಳಿಗೆ ಭಯವಾದದ್ದು ಅದಕ್ಕೇ.

ಮೊದಲು ಎದ್ದವನು ಅಕ್ಕಸಾಲಿಗರ ಮಾನಪ್ಪ. ಸಿಂಗರಸ ಕೇಳಿದ: “ಮನಿ ಮಂದಿಗೆಲ್ಲ ಉಣಿಸ್ತದ. ದಿನಾ ಬಾಯಿ ತುಂಬ ಅನ್ನ, ಆದ್ರ ಒಂದಗುಳೂ ನುಂಗಂಗಿಲ್ಲ. ಏನದು?”

“ಅವ್ವ,” ಎಂದ ಮಾನಪ್ಪ, ಹೇಳುತ್ತಲೇ ಅತ್ತುಬಿಟ್ಟ. ಬಂಟರು ಅವನನ್ನು ಕಂಬಕ್ಕೆ ಕಟ್ಟಿದರು.

ಆಮೇಲೆ ಶಾನುಭೋಗರ ಜಾಣ ಮಗಳು ಪದ್ಮಾವತಿ ಬಂದಳು. ಅವಳಿಗೆ ಎರಡನೆಯ ಒಗಟು: “ನೆರೆಮನಿಗೆ ಎಷ್ಟು ಸಲ ಕೊಟ್ರೂ ನಮ್ದು ಕಡಿಮಿ ಆಗಂಗಿಲ್ಲ. ಮಡಿಲಾಗ ಬಚ್ಚಿಟ್ರ ಮಡಿಲನ್ನೇ ತಿಂತದ.” ಪದ್ಮಾವತಿ ಯೋಚಿಸಿ ಯೋಚಿಸಿ ಗುಟ್ಟು ಎಂದಳು. ನನ್ನನ್ನು ಕೇಳಿದರೆ ಅದೂ ತೀರ ತಪ್ಪಲ್ಲ. ಆದರೆ ಅಲ್ಲಿ ನ್ಯಾಯ ಹೇಳುತ್ತಿದ್ದದ್ದು ದೊಣ್ಣೆ. ಅವಳನ್ನೂ ಕಟ್ಟಿದರು.

ಹೊತ್ತು ಇಳಿಯುತ್ತಿತ್ತು. ದುಗ್ಗಿ ತಮ್ಮನನ್ನು ಕೆಳಗೆ ಮಲಗಿಸಿ ಎದ್ದಳು. ಮುಸುರೆಯವಳಿಗೂ ಒಗಟೇ ಎಂದು ಬಂಟರು ಹಲ್ಲು ಕಿಸಿದರು.

“ಮೊದಲನೇದು ಸೌಟು,” ಎಂದಳು ದುಗ್ಗಿ. “ನಡೆಯಾಕ ಬಂದಾಗಿಂದ ಅದನ್ನ ತಿಕ್ಕೀನಿ, ನಂಗ ಗೊತ್ತಿಲ್ಲೇನು? ಎರಡನೇದು ಕೆಂಡ. ಒಲಿ ಆರಿದೋರು ಪಕ್ಕದ ಮನ್ಯಾಗ ಇಸ್ಕೋತಾರ. ಕೊಟ್ಟೋರ ಒಲಿ ಆರಂಗಿಲ್ಲ.”

ಸಿಂಗರಸನ ಮುಖ ಕಪ್ಪಿಟ್ಟಿತು. ದೊಣ್ಣೆಯನ್ನು ಕೈಯಿಂದ ಕೈಗೆ ಬದಲಿಸುತ್ತ ಮೂರನೆಯದನ್ನು ಕೇಳಿದ: “ಹದಿನಾರು ತಲಿ, ಮೂವತ್ತೆರಡು ಕೈ, ಹೊಟ್ಟಿ ಒಂದೇ. ಅದ್ಯಾವ ಪ್ರಾಣಿ?”

ದುಗ್ಗಿ ಅವನ ಕಣ್ಣು ನೋಡಿದಳು. ಉತ್ತರ ಗೊತ್ತಿದ್ದವನು ಎದುರಿನವರ ಬಾಯಿ ನೋಡುತ್ತಾನೆ. ಇವನು ಹೊಳೆ ನೋಡುತ್ತಿದ್ದ. ಅವಳಿಗೆ ಅರ್ಥವಾಯಿತು.

“ಊರು ಕೊಡ್ತೀನಿ,” ಎಂದಳು.

ಜಗಲಿಯ ಮೇಲೆ ಒಗಟಾಡಿದ ಯಾವ ಮಗುವಿಗೆ ಇದು ಗೊತ್ತಿಲ್ಲ? ಒಡೆಯಲಾರದವನು ಒಂದು ಊರಿನ ಹೆಸರು ಹೇಳಿ ಅದನ್ನು ಕೊಟ್ಟೆನೆನ್ನಬೇಕು. ಕೇಳಿದವನು ಆ ಊರು ತೆಗೆದುಕೊಂಡು ಒಗಟನ್ನು ತಾನೇ ಒಡೆದು ತೋರಿಸಬೇಕು. ತನ್ನ ಒಗಟನ್ನು ತಾನೇ ಒಡೆಯಲಾರದವನು ಸೋತಂತೆ. ಇಷ್ಟು ದಿನದ ಹಸಿವಿನಲ್ಲಿ ಎಲ್ಲರೂ ಅದನ್ನು ಮರೆತಿದ್ದರು.

ಇಲ್ಲಿ ಊರು ನಡೆಯುವುದಿಲ್ಲ, ಜೀವ ಕೊಡಬೇಕು ಎಂದ ಸಿಂಗರಸ.

“ನಮ್ಮ ಹಿರೇರು ಒಗಟಿಗೆ ಊರು ಕೇಳ್ಯಾರ, ಜೀವ ಕೇಳಿಲ್ಲ. ಬೆಳ್ಳಕ್ಕಿಹಾಳ ಕೊಟ್ಟೀನಿ, ತಗೋ. ಈಗ ಒಡಿ.”

ಡಂಗುರದ ಹುಡುಗ ಮೊದಲು ಹೌದೆಂದ. ಒಬ್ಬೊಬ್ಬರಾಗಿ ಎಲ್ಲರೂ ಒಡೆಯಬೇಕೆಂದರು, ಕೊನೆಗೆ ಬಂಟರೂ. ಸಿಂಗರಸನ ದೊಣ್ಣೆ ಕೈಜಾರಿ ಕಲ್ಲಿನ ಮೇಲೆ ಬಿತ್ತು.

“ನಂಗೂ ಗೊತ್ತಿಲ್ಲ,” ಎಂದ.

“ಹಂಗಾದ್ರ ನಾ ಒಡೀತೀನಿ. ಅದು ನಾವೇ. ಇಲ್ಲಿ ಇಳಿದ ದಿನ ಹಂಗ ಇದ್ವಿ, ಒಂದು ತಪ್ಪಲಿ ಸುತ್ತ ಹದಿನಾರು ಮಂದಿ.”

ಯಾರೂ ಹೇಳದೆ ಬಂಟರೇ ಹೋಗಿ ಕಟ್ಟು ಬಿಚ್ಚಿದರು. ದುಗ್ಗಿ ಗಂಜಿ ಕಾಯಿಸಿ ಸೌಟು ಹಿಡಿದಳು. ಮೊದಲು ಗುಂಡನಂಥ ಚಿಕ್ಕವರಿಗೆ, ಆಮೇಲೆ ಕಟ್ಟಿಸಿಕೊಂಡಿದ್ದ ಇಬ್ಬರಿಗೆ, ಆಮೇಲೆ ಉಳಿದವರಿಗೆ. ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದ ಸಿಂಗರಸನಿಗೂ ಸೌಟು ತುಂಬಿಯೇ ಹಾಕಿದಳು. ಬಡಿಸಿದವರು ಕೊನೆಗೆ ಉಣ್ಣಬೇಕಲ್ಲ, ತಾನು ತಪ್ಪಲೆಯ ತಳ ಕೆರೆದುಕೊಂಡಳು. ಗುಂಡ ಇನ್ನೂ ಬೇಕೆಂದು ರಚ್ಚೆ ಹಿಡಿದು ಅತ್ತ. ಆ ಅಳು ಕೇಳಿ ಅವಳ ಜೀವ ತಣ್ಣಗಾಯಿತು.

ಆಮೇಲೆ, ದೂರಕ್ಕೆ ಕಾಣಲೆಂದು, ಎಲ್ಲರಿಗೂ ಕೆಂಡ ಹಂಚಿದಳು. ಕುರುವದ ಅಂಚಿನಲ್ಲಿ ಹದಿನಾರು ಬೆಂಕಿ ಎದ್ದವು. ಅಷ್ಟು ದಿನ ಮಂಟಪದೊಳಗೆ ಬಚ್ಚಿಟ್ಟ ಒಂದು ಬೆಂಕಿ ಆಚೆ ದಡಕ್ಕೆ ಕಂಡಿರಲಿಲ್ಲ. ಮಕ್ಕಳು ಹೋದರೆಂದೇ ಅತ್ತಿದ್ದ ಅಂಬಿಗರು ಒಂದೊಂದಾಗಿ ಎಣಿಸಿದರು, ಹದಿನಾರು. ನೆರೆ ತುಸು ಇಳಿದಿತ್ತು. ಮುಸ್ಸಂಜೆಯಲ್ಲೇ ಹರಿಗೋಲುಗಳು ನೀರಿಗಿಳಿದು ಮಕ್ಕಳನ್ನೆಲ್ಲ ದಡಕ್ಕೆ ತಂದವು.

ಸಂಗತಿ ಕೇಳಿ ನಿಜದ ಅರಸರು ದುಗ್ಗಿಯನ್ನು ಸಭೆಗೆ ಕರೆಸಿದರು. ಒಗಟಿಗೆ ಯಾವ ಊರು ಕೊಟ್ಟೆ ತಾಯಿ ಎಂದು ಕೇಳಿದರು. ಅವಳು ಹೆದರುತ್ತಲೇ ಹೇಳಿದಳು. ಮುಸುರೆಯವಳ ಮಗಳು ಆಟಕ್ಕೆ ಕೊಟ್ಟದ್ದನ್ನು ಅರಸ ನಿಜಕ್ಕೆ ಕೊಡದಿದ್ದರೆ ಸಿಂಹಾಸನಕ್ಕೆ ನಾಚಿಕೆ ಎಂದು ಅವರು ಬೆಳ್ಳಕ್ಕಿಹಾಳವನ್ನು ಅವಳ ಹೆಸರಿಗೆ ಉಂಬಳಿ ಬರೆಸಿದರು. ಸಣ್ಣೀರವ್ವ ಆಮೇಲೆ ಯಾರ ಮುಸುರೆಯನ್ನೂ ತಿಕ್ಕಲಿಲ್ಲ.

ಆ ಸೀಮೆಯಲ್ಲಿ ಈಗಲೂ ಮಕ್ಕಳು ಒಗಟಿಗೆ ಸೋತರೆ ಕಾಶಿ ಕೊಡುತ್ತಾರೆ, ರಾಮೇಶ್ವರ ಕೊಡುತ್ತಾರೆ. ಬೆಳ್ಳಕ್ಕಿಹಾಳವನ್ನು ಮಾತ್ರ ಯಾರೂ ಕೊಡುವುದಿಲ್ಲ. ಅದು ದುಗ್ಗಿಯದು.